ಹದಿನೈದು ಕಿಲೋ ಮತ್ತು ಇನ್ನೊಬ್ಬರು

ದೆವ್ವ ಭೂತಗಳನ್ನು ನಾನು ನಂಬುವುದಿಲ್ಲ. ಇದನ್ನು ಧೈರ್ಯದಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಕೋಣೆ, ಒಂದು ಹಾಲ್, ಒಂದು ಅಡುಗೆಮನೆಯ ಫ್ಲಾಟಿನಲ್ಲಿ ಮೂರು ಜನ ಮನುಷ್ಯರಿಗೇ ಕಾಲು ಚಾಚಲು ಜಾಗವಿಲ್ಲ. ದೆವ್ವ ಬಂದರೂ ಬಾಗಿಲಲ್ಲೇ ನಿಂತು ವಾಪಸಾಗಬೇಕು. ಆದರೆ ತೂಕವನ್ನು ನಂಬುತ್ತೇನೆ. ಲೆಕ್ಕಪತ್ರ ವಿಭಾಗದಲ್ಲಿ ಕೂದಲು ಉದುರಿಸಿಕೊಂಡವನು ನಾನು. ಬೆಳಿಗ್ಗೆ ತೂಗಿದ ಬ್ಯಾಗು ಸಂಜೆಗೆ ತಾನಾಗಿಯೇ ಭಾರವಾಗಿದ್ದರೆ ಅದಕ್ಕೊಂದು ಕಾರಣ ಬೇಕು ಎನ್ನುವವನು. ಕಾರಣ ಸಿಗದೆ ಹೋದ ಒಂದು ವಾರದಲ್ಲಿ ನಾನು ಏನೇನು ಮಾಡಿದೆ ಎನ್ನುವುದನ್ನು ಇಲ್ಲಿಯವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ.

ಬೇಲಾಪುರದ ನಮ್ಮ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಎಲ್ಲರನ್ನೂ ಬಸ್ಸಿಗೆ ತುಂಬಿ ಲೋಣಾವಳಕ್ಕೆ ಕರೆದೊಯ್ದು, ಚಿಕ್ಕಿ ತಿನ್ನಿಸಿ ವಾಪಸು ತರುವುದು ವಾಡಿಕೆ. ಆ ವರ್ಷ ಹೊಸದಾಗಿ ಬಂದ ಮೇಲಧಿಕಾರಿಗೆ ಉತ್ಸಾಹ ಜಾಸ್ತಿ. ಈ ಸಲ ಕಾಶ್ಮೀರದ ಗುಲ್ಮಾರ್ಗ್, ಎಲ್ಲರೂ ಸ್ಕೀ ಕಲಿಯಬೇಕು ಎಂದು ಘೋಷಿಸಿಬಿಟ್ಟರು. ಸ್ಕೀ ಎಂದರೆ ಎರಡು ಉದ್ದದ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುವುದು. ಠಾಣೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಮಳೆಗಾಲದಲ್ಲಿ ನಾನು ಅದನ್ನು ಪಟ್ಟಿಯ ಖರ್ಚಿಲ್ಲದೆಯೇ ಎರಡು ಸಲ ಮಾಡಿದ್ದೇನೆ. ವಿಮಾನದ ಟಿಕೆಟ್ಟು ಕಂಪನಿಯದು, ಲಗೇಜು ತಲೆಗೆ ಹದಿನೈದು ಕಿಲೋ, ಅದಕ್ಕಿಂತ ಒಂದು ತೊಲ ಹೆಚ್ಚಾದರೂ ದಂಡ ನಮ್ಮದು. ಪಟ್ಟಿಗಳು ಅಲ್ಲಿಯೇ ಬಾಡಿಗೆಗೆ ಸಿಗುತ್ತವೆ. ಬೂಟು, ಕೋಟು, ಪ್ಯಾಂಟು ಇದ್ದವರು ತರಬಹುದು ಎಂದು ಸೂಚನೆ ಬಂತು. ಮುಂಬೈಯ ಸೆಕೆಯಲ್ಲಿ ಬನಿಯನ್ನೇ ಹೆಚ್ಚು ಎನ್ನುವ ನಮ್ಮಲ್ಲಿ ಅದು ಯಾರ ಹತ್ತಿರ ಇರುತ್ತದೆ ಎಂದು ನಾನು ಮನೆಯಲ್ಲಿ ನಗಾಡಿದೆ. ನನ್ನ ಹೆಂಡತಿ ಸುಮತಿ ನಗಲಿಲ್ಲ. "ವಾರಿಜಕ್ಕನ ಮನೇಲಿದೆ" ಅಂದಳು.

ವಾರಿಜಕ್ಕ ಎದುರು ಫ್ಲಾಟಿನವರು, ಕುಂದಾಪುರದ ಕಡೆಯವರು. ಗಂಡ ಶೇಖರಣ್ಣ ಠಾಣೆಯ ಒಂದು ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಬದುಕು ಸವೆಸಿದವರು. ಒಲೆಯ ಹೊಗೆಗೆ ಬೆನ್ನು ಕೊಟ್ಟು ಕೂತವರಿಗೆ ಹಿಮದ ಹುಚ್ಚು ಹೇಗೆ ಹಿಡಿಯಿತೋ ಗೊತ್ತಿಲ್ಲ. ಕಲ್ಯಾಣದಲ್ಲಿ ಹಳೇ ವಿದೇಶಿ ಬಟ್ಟೆಗಳನ್ನು ರಸ್ತೆಯ ಮೇಲೆ ಗುಡ್ಡೆ ಹಾಕಿ ಮಾರುತ್ತಾರಲ್ಲ, ಅಲ್ಲಿಂದ ಒಂದೊಂದಾಗಿ ಆರಿಸಿ ತಂದಿದ್ದರು: ಕೆಂಪು ಕೋಟು, ದಪ್ಪನೆಯ ಪ್ಯಾಂಟು, ಪ್ಲಾಸ್ಟಿಕ್ಕಿನ ದೈತ್ಯ ಬೂಟು, ಊರಿಕೊಳ್ಳುವ ಎರಡು ಕೋಲು. ಮೇ ತಿಂಗಳಲ್ಲಿ ಅಷ್ಟನ್ನೂ ತೊಟ್ಟು, ಫ್ಯಾನನ್ನು ಜೋರು ಮಾಡಿ, ಹಾಲಿನ ನಡುವೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದುದನ್ನು ನಾನೇ ನೋಡಿದ್ದೇನೆ. ಕೆಲಸ ಬಿಟ್ಟ ಮೇಲೆ ಹೋಗುವುದು ಎನ್ನುತ್ತಿದ್ದರು. ಕೆಲಸ ಬಿಡುವ ಮೊದಲೇ, ಗಲ್ಲಾದ ಮೇಲೆ ಕೂತಿದ್ದಂತೆಯೇ ತೀರಿಕೊಂಡರು.

ವಾರಿಜಕ್ಕ ಎಲ್ಲವನ್ನೂ ತಾವೇ ಹೊತ್ತು ತಂದರು. "ಕೋಲು ಮಾತ್ರ ಕೊಡ್ಲಿಕ್ಕೆ ಆಗುದಿಲ್ಲ ಮೂರ್ತಿಯವ್ರೇ, ಮೇಲಿನ ಹಗ್ಗಕ್ಕೆ ಬಟ್ಟೆ ಹಾಕ್ಲಿಕ್ಕೆ ನಂಗೆ ಅದೇ ಬೇಕು" ಅಂದರು. ಕೋಟನ್ನು ಕೊಡುವಾಗ ಅದರ ತೋಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. "ಜಾಗ್ರತೆ ಹೋಗಿ ಬನ್ನಿ ಆಯ್ತಾ." ನನ್ನ ಮುಖ ನೋಡದೆ ಹೇಳಿದ್ದರಿಂದ, ನಾಚಿಕೆಯ ಹೆಂಗಸು ಎಂದುಕೊಂಡೆ.

ನುಸಿಗುಳಿಗೆಯ ವಾಸನೆ ಹೋಗಲೆಂದು ಎಲ್ಲ ಜೇಬುಗಳನ್ನೂ ಒಳಗಿಂದ ಹೊರಕ್ಕೆ ಮಗುಚಿ ಕೊಡವಿ, ಕೋಟು ಪ್ಯಾಂಟುಗಳನ್ನು ಬಾಲ್ಕನಿಯಲ್ಲಿ ತೂಗುಹಾಕಿ, ಕೆಳಗೆ ಬೂಟು ಇಟ್ಟೆ. ಅಲ್ಲಿಂದ ಶುರುವಾಯಿತು. ಸ್ಕೀ ಬೂಟಿನ ಗುಣ ನಿಮಗೆ ಗೊತ್ತಿರಲಿಕ್ಕಿಲ್ಲ: ಅದು ಮಾಮೂಲಿ ಬೂಟಿನಂತೆ ಬಾಡಿ ಬೀಳುವುದಿಲ್ಲ, ಯಾರೋ ಕಾಲನ್ನು ಅಲ್ಲೇ ಬಿಟ್ಟು ಒಳಗೆ ಹೋದಂತೆ ಮೊಣಕಾಲು ತುಸು ಬಾಗಿಸಿ ನಿಂತಿರುತ್ತದೆ. ಮುಸ್ಸಂಜೆ ಕಚೇರಿಯಿಂದ ಬರುವಾಗ ವಾಚ್‌ಮನ್ ಕೇಳಿದ, "ಸಾಬ್, ಮೆಹಮಾನ್ ಆಯೇ ಹೈ ಕ್ಯಾ? ದೋಪಹರ್ ಸೇ ಗ್ಯಾಲರಿ ಮೇ ಖಡೇ ಹೈ." ಯಾರೋ ನೆಂಟರು ಮಧ್ಯಾಹ್ನದಿಂದ ನಮ್ಮ ಬಾಲ್ಕನಿಯಲ್ಲಿ ನಿಂತಿದ್ದಾರಂತೆ. ತಲೆಯೆತ್ತಿ ನೋಡಿದೆ. ಕೆಂಪು ಕೋಟಿನವರು ರೈಲು ಹಳಿಯ ಕಡೆ ಮುಖ ಮಾಡಿ ನಿಂತಿದ್ದರು. ಗಾಳಿ ಇರಲಿಲ್ಲ, ಆದರೂ ಒಂದು ತೋಳು ನಿಧಾನಕ್ಕೆ ಮೇಲೆದ್ದು ಇಳಿಯಿತು. ಮನೆಯೊಳಗೆ ಬಂದರೆ ಮಗಳು ಶ್ರುತಿ ಪುಸ್ತಕ ಹಿಡಿದು ಅಡುಗೆಮನೆಯಲ್ಲಿ ಕೂತಿದ್ದಳು. ಕನ್ನಡ ಅರ್ಥವಾದರೂ ಉತ್ತರ ಹಿಂದಿಯಲ್ಲೇ ಕೊಡುವ ಹುಡುಗಿ. "ಪಪ್ಪಾ, ಉನಕೋ ಅಂದರ್ ಬುಲಾವೋ ನಾ" ಅಂದಳು. ಅವರನ್ನು ಒಳಗೆ ಕರೆಯಬೇಕಂತೆ! ನಾನು ನಕ್ಕೆ. ನಗು ಅರ್ಧಕ್ಕೆ ನಿಂತಿತು.

ಆ ರಾತ್ರಿಯೇ ಅವರನ್ನು ಮಡಚಿ ಬ್ಯಾಗಿನೊಳಗೆ ಹಾಕಿಬಿಟ್ಟೆ. ಬೂಟಿನದೇ ಮಣ ಭಾರ. ಅದರ ಸುತ್ತ ನನ್ನ ಎರಡು ಸ್ವೆಟರು, ಉಲ್ಲನ್ ಟೋಪಿ, ಒಳಬಟ್ಟೆ, ಚಟ್ನಿಪುಡಿ ತುರುಕಿ, ಶ್ರುತಿಯನ್ನು ಮೇಲೆ ಕೂರಿಸಿ ಜಿಪ್ ಎಳೆದೆ. ಕೊಕ್ಕೆ ಹಾಕಿ ಎತ್ತಿ ಹಿಡಿಯುವ ಸ್ಪ್ರಿಂಗ್ ತಕ್ಕಡಿಯಲ್ಲಿ ನೋಡಿದರೆ ಹದಿನಾಲ್ಕೂವರೆ. ನನ್ನ ಜಾಣ್ಮೆಗೆ ನಾನೇ ತಲೆದೂಗಿದೆ. ಮರುದಿನ ಸಂಜೆ, ಕೈ ತುರಿಸುವವನಿಗೆ ಬೇರೆ ಕೆಲಸವಿಲ್ಲವೆಂಬಂತೆ, ಮತ್ತೊಮ್ಮೆ ಎತ್ತಿದೆ. ಹದಿನೈದು ದಾಟಿತ್ತು. ತಕ್ಕಡಿಯನ್ನು ಬೈದು, ಒಂದು ಸ್ವೆಟರು ತೆಗೆದೆ. ಅದರ ಮರುದಿನ ಮತ್ತೆ ಹದಿನೈದು ದಾಟಿತು. ಟೋಪಿ, ಚಟ್ನಿಪುಡಿ ತೆಗೆದೆ. ನಾನು ಒಂದು ಕೈ ತೆಗೆದರೆ ಬ್ಯಾಗು ಒಂದು ಕೈ ತುಂಬಿಕೊಳ್ಳುತ್ತಿತ್ತು. ಸುಮತಿಗೆ ಹೇಳಿದೆ. ಮುಂಬೈ ಹವೆಯಲ್ಲಿ ಉಪ್ಪೇ ನೀರಾಗುತ್ತದೆ, ಬಟ್ಟೆಯೂ ತೇವ ಹೀರಿರಬೇಕು ಎಂದು ಅವಳು ದೋಸೆ ಹೊಯ್ಯುತ್ತಲೇ ಅಂದಳು. ಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಅವಳೆದುರು ಬೇರೆ ಅನುಮಾನ ಬಾಯಿಬಿಡುವುದು ಹೇಗೆ?

ಶನಿವಾರ ಬ್ಯಾಗನ್ನು ಹೊತ್ತು ಸ್ಟೇಷನ್ನಿಗೇ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ಬಣ್ಣದ ದೀಪ ಹಾಕಿಕೊಂಡು ಗಿರಗಿರ ತಿರುಗುವ ಚಕ್ರಗಳ ತೂಕದ ಯಂತ್ರ ಇರುತ್ತದಲ್ಲ, ನಾಣ್ಯ ಹಾಕಿದರೆ ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ ಬರೆದ ಚೀಟಿ ಉಗುಳುತ್ತದೆ. ಮೊದಲು ನಾನೊಬ್ಬನೇ ಹತ್ತಿದೆ. ಆಮೇಲೆ ಬ್ಯಾಗನ್ನು ತಬ್ಬಿಕೊಂಡು ಹತ್ತಿದೆ. ಕಲ್ಯಾಣದ ಗಾಡಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು. ಕಳೆದು ನೋಡಿದರೆ ಹದಿನಾರು. ತಕ್ಕಡಿಯ ತಪ್ಪಲ್ಲ ಎಂದಾಯಿತು. ಚೀಟಿ ತಿರುಗಿಸಿದೆ. "ಪ್ರಯಾಣದಲ್ಲಿ ಒಳ್ಳೆಯ ಜೊತೆ ಸಿಗಲಿದೆ" ಎಂದು ಹಿಂದಿಯಲ್ಲಿತ್ತು. ಆ ಜೊತೆಯನ್ನು ಯಂತ್ರ ಆಗಲೇ ತೂಗಿಬಿಟ್ಟಿದೆಯೇನೋ ಎನ್ನಿಸಿ ಚೀಟಿಯನ್ನು ಮಡಚಿ ಜೇಬಿಗೆ ತುರುಕಿದೆ.

ಮನೆಗೆ ಬಂದು, ಯಾರೂ ಇಲ್ಲದ ಹೊತ್ತು ನೋಡಿ, ಪೂರ್ತಿ ಬಿಚ್ಚಿದೆ. ಒಂದು ಬೂಟಿನ ಆಳದಲ್ಲಿ ಪುಟ್ಟ ಟ್ರಾನ್ಸಿಸ್ಟರ್ ರೇಡಿಯೋ. ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ, ಒಳಗೆ ಚಕ್ಕುಲಿ. ಅದರಡಿಯಲ್ಲಿ ಮಡಿಸಿದ ಶಾಲು. ಕೋಟಿನ ಒಳಜೇಬಿಗೆ ಕೈ ಹಾಕಿದರೆ ಒಂದು ಕನ್ನಡಕ. ಕಪ್ಪು ದಪ್ಪ ಕಟ್ಟು, ಒಂದು ಕಡ್ಡಿಗೆ ದಾರ ಸುತ್ತಿದ್ದು. ಠಾಣೆಯ ಗಲ್ಲಾದ ಹಿಂದಿನಿಂದ ಎಷ್ಟೋ ವರ್ಷ ನನ್ನನ್ನು ನೋಡಿ ನಕ್ಕ ಕನ್ನಡಕ. ಆ ಜೇಬನ್ನು ನಾನೇ ಮಗುಚಿ ಕೊಡವಿದ್ದೆ. ಅದರಲ್ಲಿ ಆಗ ಏನೂ ಇರಲಿಲ್ಲ. ನಿಜ ಹೇಳುತ್ತೇನೆ, ನನಗೆ ಭಯವಾಯಿತು. ಎಲ್ಲವನ್ನೂ ಟಿವಿಯ ಮೇಲಿನ ಶೆಲ್ಫಿನಲ್ಲಿಟ್ಟು, ಉಪ್ಪು ಮೆಣಸಿನಕಾಯಿ ಹಿಡಿದು, ಬ್ಯಾಗಿಗೆ ಮೂರು ಸಲ ನಿವಾಳಿಸಿದೆ. ಲೆಕ್ಕಪತ್ರ ವಿಭಾಗದ ಹಿರಿಯ ನೌಕರನೊಬ್ಬ ಚಕ್ರ ಇರುವ ಬ್ಯಾಗಿಗೆ ದೃಷ್ಟಿ ತೆಗೆಯುವ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ. ಸೋಮವಾರ ಸಂಜೆ ಬಂದು ನೋಡಿದರೆ ಶೆಲ್ಫು ಖಾಲಿ. ಬ್ಯಾಗು ಮತ್ತೆ ಭಾರ.

ಮರುದಿನ ದಿವಾ ಸ್ಟೇಷನ್ನಿನಲ್ಲಿ ಏನೋ ಕೆಟ್ಟು ಗಾಡಿಗಳೆಲ್ಲ ನಿಂತವು. ಅರ್ಧ ದಾರಿಯಿಂದ ಹೇಗೋ ತೂರಿಕೊಂಡು ಮಧ್ಯಾಹ್ನಕ್ಕೇ ಮನೆ ಮುಟ್ಟಿದೆ. ಸುಮತಿ, ಶ್ರುತಿ ಇಬ್ಬರೂ ಸ್ಕೂಲಿನಲ್ಲಿ. ಬೀಗ ತೆಗೆಯಲು ಹೋದರೆ ಬಾಗಿಲು ಸುಮ್ಮನೆ ಒರಗಿಸಿತ್ತು. ಒಳಗಿನಿಂದ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು. ಕುರ್ಚಿಯಲ್ಲಿ ನನಗೆ ಬೆನ್ನು ಹಾಕಿ ಕೆಂಪು ಕೋಟಿನವರು ಕೂತಿದ್ದರು. ಕಾಲಿನ ಜಾಗದಲ್ಲಿ ಬೂಟು.

"ಕಾಲು ಬೆಚ್ಚಗೆ ಇಟ್ಕೊಳ್ಳಿ. ಅಲ್ಲಿ ನಲ್ಲಿ ನೀರು ಕುಡಿಬೇಡಿ. ಮೂರ್ತಿಯವ್ರಿಗೆ ತೊಂದ್ರೆ ಕೊಡ್ಬೇಡಿ, ಅವ್ರು ಸ್ವಲ್ಪ ಪುಕ್ಕಲು."

ಆ ಕಡೆ ನೆಲದ ಮೇಲೆ ವಾರಿಜಕ್ಕ ಕೂತಿದ್ದರು. ಕೋಟಿನ ಗುಂಡಿ ಹಾಕುತ್ತಿದ್ದರು. ನಮ್ಮ ಕಟ್ಟಡದಲ್ಲಿ ಎದುರುಮನೆಯವರ ಹತ್ತಿರ ಒಂದು ಕೀಲಿ ಕೊಟ್ಟಿಡುವುದು ಪದ್ಧತಿ. ಕೀಲಿ ಕಳೆದರೆ, ಗ್ಯಾಸ್ ಬಂದರೆ, ನೀರು ಬಂದರೆ ಇರಲಿ ಎಂದು. ನಮ್ಮ ಕೀಲಿ ಹನ್ನೆರಡು ವರ್ಷದಿಂದ ಅವರ ಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು. ದೆವ್ವಗಳ ಬಗ್ಗೆ ಅಷ್ಟೆಲ್ಲ ಯೋಚಿಸಿದ ನನಗೆ ಆ ಮೊಳೆ ಮಾತ್ರ ನೆನಪಾಗಿರಲಿಲ್ಲ.

ನನ್ನನ್ನು ಕಂಡು ಅವರು ಗಡಿಬಿಡಿಯಿಂದ ಎದ್ದರು. ನಾನು ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ, "ವಾರಿಜಕ್ಕ, ಹದಿನೈದು ಕಿಲೋ ಮೇಲೆ ಬಿಡೋದಿಲ್ಲ ಕಣ್ರೀ" ಅಂದೆ. ಅಷ್ಟು ಹೊತ್ತಿನಲ್ಲಿ ಹೇಳಲು ನನಗೆ ಸಿಕ್ಕಿದ್ದು ಅದೊಂದೇ.

"ಗೊತ್ತುಂಟು ಮಾರಾಯ್ರೆ. ರೇಡಿಯೋ ಬೇಕಾದ್ರೆ ತೆಗೀರಿ, ಶಾಲೂ ತೆಗೀರಿ" ಅಂದರು. ಆಮೇಲೆ ಕೋಟಿನ ಜೇಬಿನ ಮೇಲೆ ಕೈಯಿಟ್ಟರು. "ಕನ್ನಡಕ ಮಾತ್ರ ತೆಗಿಬೇಡಿ. ಅದಿಲ್ದೆ ಅವ್ರಿಗೆ ಎಂತ ಕಾಣ್ತದೆ? ಅಷ್ಟು ದೂರ ಹೋಗಿ ಹಿಮ ಕಾಣ್ದೆ ಬಂದ್ರೆ?"

ನಾನು ಬ್ಯಾಗಿನ ಮುಂದೆ ಕೂತೆ. ರೇಡಿಯೋ ತೆಗೆಯಲಿಲ್ಲ, ಶಾಲೂ ತೆಗೆಯಲಿಲ್ಲ. ನನ್ನ ಇನ್ನೊಂದು ಸ್ವೆಟರು ತೆಗೆದೆ, ಕೋಟನ್ನು ಮೈಮೇಲೆ ಹಾಕಿಕೊಂಡೇ ಹೋಗುವುದೆಂದು ನಿರ್ಧರಿಸಿದೆ. ಸಂಜೆ ಸುಮತಿಯನ್ನು ಕೇಳಿದರೆ, "ನನಗೆ ಮೊದಲ ದಿನದಿಂದ್ಲೇ ಗೊತ್ತಿತ್ತು ಕಣ್ರೀ" ಅಂದಳು. ಹೇಳಬಾರದಿತ್ತೇ? "ನಿಮಗೆ ಹೇಳಿದ್ರೆ ಅವರಿಗೆ ಹದಿನೈದು ಕಿಲೋ ನಿಯಮ ಓದಿ ಹೇಳ್ತಿದ್ರಿ. ಅದಿರ್ಲಿ, ಬ್ಯಾಗಿನ ಮೇಲೆಲ್ಲಾ ಉಪ್ಪು ಯಾಕಿತ್ತು?"

ಫೆಬ್ರವರಿಯ ಭಾನುವಾರ ಬೆಳಿಗ್ಗೆ ಹಿಮದ ಕೋಟು ತೊಟ್ಟು ಡೊಂಬಿವಲಿಯಿಂದ ಘಾಟ್ಕೋಪರಿಗೆ ನಿಂತುಕೊಂಡು ಪ್ರಯಾಣ ಮಾಡಿದ್ದು ಬಹುಶಃ ನಾನೊಬ್ಬನೇ. ಕಳವಾ ಸ್ಟೇಷನ್ ಬರುವಷ್ಟರಲ್ಲಿ ಬೆವರು ಪಾದದವರೆಗೆ ಇಳಿದಿತ್ತು. ಗಾಡಿ ಕಿಕ್ಕಿರಿದಿದ್ದರೂ ನನ್ನ ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಬೆವರಿನ ವಾಸನೆಗೆ ಎಂದು ಸಮಾಧಾನ ಮಾಡಿಕೊಂಡೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಬ್ಯಾಗು ಸರಿಯಾಗಿ ಹದಿನೈದು ತೂಗಿತು.

ಗುಲ್ಮಾರ್ಗಿನಲ್ಲಿ ನಾನು ಬಿದ್ದದ್ದನ್ನು ವಿವರಿಸುವುದಿಲ್ಲ. ಕಚೇರಿಯವರು ಇವತ್ತಿಗೂ ಅದನ್ನು ನನಗಿಂತ ಚೆನ್ನಾಗಿ ವಿವರಿಸುತ್ತಾರೆ. ಕೊನೆಯ ದಿನ ಬೆಟ್ಟಕ್ಕೆ ಮುಖ ಮಾಡಿದ ಒಂದು ಬೆಂಚಿನ ಮೇಲೆ ಕೋಟನ್ನು ಬಿಚ್ಚಿ ಕೂರಿಸಿದೆ. ಕನ್ನಡಕವನ್ನು ಬಿಡಿಸಿ ಕಾಲರಿನ ಮೇಲಿಟ್ಟೆ. ರೇಡಿಯೋ ಹಾಕಿದೆ, ಬರೀ ಗೊರಗೊರ. ಸ್ವೆಟರೂ ಇಲ್ಲದೆ ಪಕ್ಕದಲ್ಲಿ ಗಡಗಡ ನಡುಗುತ್ತ ಕೂತೆ. ಚಹಾದವನು ಬಂದು, ನಾನು ಬೆರಳು ಎತ್ತುವ ಮೊದಲೇ ಎರಡು ಕಪ್ ಇಟ್ಟು ಹೋದ. ನನ್ನದು ಕುಡಿದೆ. ಇನ್ನೊಂದನ್ನು ಆರಲು ಬಿಟ್ಟೆ.

ಡಬ್ಬಿಯಲ್ಲಿದ್ದ ಚಕ್ಕುಲಿ ಮುಗಿದಿತ್ತು. ಪಕ್ಕದ ಮನೆಯ ಡಬ್ಬಿಯನ್ನು ಖಾಲಿ ಹಿಂತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ, ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಅದರ ತುಂಬ ಹಿಮ ಒತ್ತಿ ಮುಚ್ಚಳ ಹಾಕಿದೆ. ವಾಪಸು ಬರುವಾಗ ಕೋಟೂ ಬ್ಯಾಗಿನೊಳಗೇ ಇತ್ತು, ಡಬ್ಬಿಯೂ ಇತ್ತು. ಹದಿನೇಳಾದರೂ ಆಗಬೇಕು, ದಂಡ ಕಟ್ಟುವುದೇ ಸೈ ಎಂದುಕೊಂಡು ಇಟ್ಟರೆ ಹನ್ನೆರಡು ತೋರಿಸಿತು. ಇನ್ನೊಮ್ಮೆ ನೋಡಿ ಎಂದು ನಾನೇ ಹೇಳಿದೆ. ಕೌಂಟರಿನ ಹುಡುಗಿ ಸೊನ್ನೆಗೆ ತಂದು ಮತ್ತೆ ತೂಗಿದಳು. ಹನ್ನೆರಡೇ. ಮೂರನೆಯ ಸಲ ಕೇಳಲು ನನಗೆ ಧೈರ್ಯವಾಗಲಿಲ್ಲ.

ವಾರಿಜಕ್ಕನಿಗೆ ಡಬ್ಬಿ ಕೊಟ್ಟೆ. ಮುಚ್ಚಳ ತೆಗೆದರು. ನೀರು. "ಕರಗಿ ಹೋಯ್ತು ವಾರಿಜಕ್ಕ" ಎಂದು ತಪ್ಪು ಮಾಡಿದವನಂತೆ ನಿಂತೆ. ಅವರು ಬೆರಳು ಅದ್ದಿ, "ಎಷ್ಟು ತಣ್ಣಗುಂಟು ನೋಡಿ!" ಅಂದರು. ದಿನವಿಡೀ ಪ್ರಯಾಣ ಮಾಡಿ, ಮುಂಬೈಯ ಬಿಸಿಲಿನಲ್ಲಿ ಬಂದ ನೀರು. ನಾನೂ ಬೆರಳು ಅದ್ದಿದೆ, ಹೌದು, ತಣ್ಣಗಿತ್ತು. ಅವರು ನನ್ನ ಹಿಂದೆ, ಖಾಲಿ ಮೆಟ್ಟಿಲ ಕಡೆಗೊಮ್ಮೆ ನೋಡಿ, ಯಾರೂ ಬಂದಿಲ್ಲವೆಂದು ತಿಳಿದವರಂತೆ ನಕ್ಕರು. "ಇರ್ಲಿ, ಅಲ್ಲೇ ಇರ್ಲಿ" ಅಂದರು.

ಆ ರಾತ್ರಿ ಬ್ಯಾಗನ್ನು ಅಟ್ಟಕ್ಕೆ ಹಾಕುವಾಗ ಸುಮತಿ ಮೂಲೆಯಿಂದ ಒಂದು ಪ್ಲಾಸ್ಟಿಕ್ ಚೀಲ ಎಳೆದಳು. ಯಾವುದೋ ಕಾಲದಲ್ಲಿ, ನಾಳೆಯಿಂದಲೇ ಈಜು ಕಲಿಯುತ್ತೇನೆ ಎಂದು ನಾನು ತಂದ ಚಡ್ಡಿ ಮತ್ತು ಟೋಪಿ. ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ. ಅವಳು ಧೂಳು ಕೊಡವಿ, "ಇದನ್ನ ಮುಂದೆ ಯಾರ ಕೈಲಿ ಕಳಿಸ್ಲಿ ನಾನು?" ಅಂದಳು. ತಮಾಷೆಗೇ ಅಂದಿರಬೇಕು. ನಾನು ಮಾತ್ರ ಬೆಳಗಾಗುತ್ತಲೇ ಆ ಚೀಲ ಎತ್ತಿಕೊಂಡು ನಗರಪಾಲಿಕೆಯ ಈಜುಕೊಳದ ಮುಂದೆ ನಿಂತಿದ್ದೆ. ಒಂದು ಚಡ್ಡಿ, ಒಂದು ಟೋಪಿ, ಅಷ್ಟಕ್ಕೆ ಚೀಲ ಯಾಕೋ ಭಾರ ಎನ್ನಿಸಿತು. ಕೈ ಹಾಕಿ ನೋಡಿದೆ. ಸ್ಟೀಲ್ ಡಬ್ಬಿಯಲ್ಲಿ ಎರಡು ದೋಸೆ, ಅದರ ಪಕ್ಕದಲ್ಲಿ ನನ್ನ ಹಳೇ ಕನ್ನಡಕ.