ಬೆಟ್ಟ ಹತ್ತದವರ ಜೊತೆಗಾರ

ಮನುಷ್ಯನಿಗೆ ಈ ಲೋಕದಲ್ಲಿ ತನ್ನದೊಂದು ಜಾಗ ಬೇಕು ಎಂಬ ಸತ್ಯ ನನಗೆ ಹೊಳೆದದ್ದು ಧ್ಯಾನದಿಂದಲ್ಲ, ನಿವೃತ್ತಿಯಿಂದ. ಸಂಡೂರಿನ ಗಣಿ ಕಚೇರಿಯೊಂದರಲ್ಲಿ ಹಾಜರಿ ಗುಮಾಸ್ತನಾಗಿದ್ದಷ್ಟು ಕಾಲ ನನ್ನ ಕುರ್ಚಿಯ ತಂಟೆಗೆ ಯಾರೂ ಬಂದಿರಲಿಲ್ಲ. ಚಿತ್ತವಾಡ್ಗಿಯ ಮನೆಯಲ್ಲಿ ದಿನವಿಡೀ ಇರತೊಡಗಿದ ಮೇಲೆ, ನಾನು ಎಲ್ಲಿ ಕೂತರೂ ಅಲ್ಲಿ ಕಸ ಗುಡಿಸುವ ಹೊತ್ತಾಗಿರುತ್ತಿತ್ತು. ಉಪಕಾರವಾಗಲಿ ಎಂದು ಒಂದು ಬೆಳಿಗ್ಗೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿಟ್ಟೆ. ನನ್ನ ಹೆಂಡತಿ ಶರಣಮ್ಮ ಸಿಟ್ಟಾಗಲಿಲ್ಲ, ನನಗೆ ಭಯವಾದದ್ದು ಅದಕ್ಕೇ. "ನೀವು ಎಲ್ಲ್ಯಾದ್ರೂ ಕೆಲ್ಸಕ್ಕ ಹೋಗ್ರಿ. ಪಗಾರ ಕೊಡದಿದ್ರೂ ಚಿಂತಿಲ್ಲ," ಎಂದಳು ಮೆಲ್ಲಗೆ.

ಅವಳ ತಮ್ಮ ವಿರುಪಾಕ್ಷಿ ಹಂಪಿಯಲ್ಲಿ ಗೈಡ್. ಅವನಿಗೆ ಸಹಾಯಕನಾಗುವುದೆಂದು ತೀರ್ಮಾನಿಸಿದೆ. ತೀರ್ಮಾನಿಸಿದ ಮೇಲೆ ಹಿಂದೆ ಸರಿಯುವ ಜಾಯಮಾನ ನನ್ನದಲ್ಲ. ಬಿಳಿ ಟೋಪಿ ಕೊಂಡೆ, ಕನ್ನಡಿಯ ಮುಂದೆ ನಿಂತು ವಿಜಯನಗರದ ಅರಸರನ್ನು ಬಾಯಿಪಾಠ ಮಾಡಿದೆ. ವಿರುಪಾಕ್ಷಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಮಾವ, ನೀವು ಮಾತಾಡಾದು ಬ್ಯಾಡ. ಗುಂಪಿನ ಹಿಂದ ಬರ್ರಿ, ಯಾರೂ ಹಿಂದ ಉಳೀದಂಗ ನೋಡ್ಕೊಳ್ರಿ," ಎಂದ.

ಮೊದಲ ದಿನ ಕಂಪ್ಲಿಯ ದೊಡ್ಡ ಕುಟುಂಬವೊಂದು ಬಂದಿತ್ತು. ಮತಂಗ ಬೆಟ್ಟದ ಮೆಟ್ಟಿಲು ಅರ್ಧ ಹತ್ತುವುದರೊಳಗೆ ಹಿಂದೆ ಉಳಿದವನು ನಾನೊಬ್ಬನೇ. ಅಲ್ಲೇ ಒಂದು ಮೆಟ್ಟಿಲ ಮೇಲೆ ಕೂತುಬಿಟ್ಟೆ. "ಮಾವ, ಇಳೀರಿ. ಕೆಳಗ ಅವರ ಅಮ್ಮ ಒಬ್ರೇ ಕುಂತಾರ," ಎಂದು ವಿರುಪಾಕ್ಷಿ ಮೇಲಿಂದ ಕೂಗಿ ನನ್ನ ಮರ್ಯಾದೆ ಉಳಿಸಿದ.

ಕೆಳಗೆ, ಎದುರು ಬಸವಣ್ಣನ ಮಂಟಪದ ನೆರಳಿನಲ್ಲಿ, ಆ ಮನೆಯ ಹಿರಿಯಮ್ಮ ಗೌರಮ್ಮನವರು ರಾಶಿ ಚೀಲಗಳ ನಡುವೆ ಕೂತಿದ್ದರು.

"ಯಾಕ್ರೀ, ನಿಮ್ಮನ್ನೂ ಬಿಟ್ಟು ಹೋದ್ರೇನು?"

"ಇಲ್ಲಮ್ಮ, ಹಿಂದಕ್ಕ ಕಳಿಸಿದ್ರು."

"ಎರಡೂ ಒಂದ ಬಿಡ್ರಿ. ನಾನು ಎಲ್ಲಿ ಹೋದ್ರೂ ಚೀಲ ಕಾಯಾಕಿ. ಧರ್ಮಸ್ಥಳದಾಗೂ ಇವೇ ಚೀಲ, ಮೈಸೂರಾಗೂ ಇವೇ ಚೀಲ. ಊರು ಮಾತ್ರ ನೋಡಿಲ್ಲ."

ನಗುತ್ತಲೇ ಹೇಳಿದರು, ಆದರೆ ಸೆರಗಿನ ತುದಿ ಕಣ್ಣಿಗೆ ಹೋಯಿತು. ನನಗೆ ಸುಮ್ಮನಿರಲಾಗಲಿಲ್ಲ. ಚೀಲಗಳನ್ನು ಎಳನೀರು ಮಾರುವವಳಿಗೆ ಒಪ್ಪಿಸಿ, "ಏಳ್ರಿ ಅಮ್ಮ, ಹಂಪಿ ಎಲ್ಲಾ ಬೆಟ್ಟದ ಮ್ಯಾಲ ಇಲ್ಲ," ಎಂದೆ.

ನಾಲ್ಕು ಹೆಜ್ಜೆ ನಡೆದೆವು, ಕೂತೆವು. ಮತ್ತೆ ನಾಲ್ಕು ಹೆಜ್ಜೆ. ಹಳೆಯ ಬಜಾರಿನ ಕಂಬವೊಂದಕ್ಕೆ ಅಂಗೈ ಒತ್ತಿ ನಿಂತು ಅವರು, "ಇಲ್ಲಿ ಹೆಣ್ಮಕ್ಕಳು ಏನು ಮಾರ್ತಿದ್ರು?" ಎಂದು ಕೇಳಿದರು. ನಾನು ಕಲಿತ ಅರಸರಲ್ಲಿ ಒಬ್ಬನೂ ನೆರವಿಗೆ ಬರಲಿಲ್ಲ. ಗೊತ್ತಿಲ್ಲ ಎಂದೆ. "ಚಲೋ ಆತು, ಹಂಗಾದ್ರ ನಾವ ಹೇಳೋಣು," ಎಂದು ಅವರು ಒಂದು ಮಂಟಪಕ್ಕೆ ಬಳೆ, ಇನ್ನೊಂದಕ್ಕೆ ಮಲ್ಲಿಗೆ ಹಂಚುತ್ತ ಹೊರಟರು. ಕಂಬದ ಮೇಲಿನ ಕುಣಿಯುವ ಹುಡುಗಿಗೆ ತಮ್ಮ ಸೊಸೆಯ ಮೂಗಿದೆ ಎಂದೂ ಕಂಡುಹಿಡಿದರು. ಬೆಟ್ಟ ಇಳಿದು ಬಂದ ಮನೆಯವರು ಮೇಲೆ ಕಂಡದ್ದನ್ನು ವರ್ಣಿಸಲು ಬಾಯಿ ತೆರೆದಾಗ ಗೌರಮ್ಮ ಕೈಯೆತ್ತಿದರು. "ತಡೀರಿ. ಮೊದ್ಲ ನಂದು ಕೇಳ್ರಿ."

ಆ ಮನೆಯವರೆಲ್ಲ ಸುತ್ತ ಕೂತು ಕೇಳಿದರು. ನನ್ನ ಕೆಲಸ ಯಾವುದೆಂದು ನನಗೆ ತಿಳಿದದ್ದು ಆಗ. ಅಂದಿನಿಂದ ವಿರುಪಾಕ್ಷಿಯ ಗುಂಪಿನಲ್ಲಿ ಕಾಲು ನೋವಿನವರು, ಏದುಸಿರಿನವರು, ಬೆಟ್ಟವೆಂದರೆ ಮುಖ ತಿರುಗಿಸುವವರು ಎಲ್ಲರೂ ನನ್ನ ಪಾಲಿಗೆ. ಎಂಥ ಬಿಸಿಲಿದ್ದರೂ ತಪ್ಪಿಸುವುದಿಲ್ಲ. ಅವರ ನಡಿಗೆಗೆ ನನ್ನ ನಡಿಗೆ ಹೊಂದಿಕೊಳ್ಳುತ್ತದೆ ಎಂದು ಎಲ್ಲರೂ ಹೊಗಳುತ್ತಾರೆ. ನನಗಿರುವುದೇ ಆ ನಡಿಗೆ ಎಂದು ನಾನು ಹೇಳಲು ಹೋಗುವುದಿಲ್ಲ.

ಕಳೆದ ಭಾನುವಾರ ಶರಣಮ್ಮ ತಾನೂ ಬರುತ್ತೇನೆಂದು ಹೊರಟಳು. ಅಂದು ನನ್ನ ಪಾಲಿಗೆ ಬಂದಿದ್ದ ಹೆಂಗಸರ ನಡುವೆ ಕೂತವಳು, ಸ್ವಲ್ಪ ಹೊತ್ತಿನಲ್ಲೇ ಅವರ ಅಳಿಯಂದಿರ ಗುಣದವರೆಗೂ ತಲುಪಿಬಿಟ್ಟಳು. ನಾನು ನಡುವೆ ಬಾಯಿ ಹಾಕಿದೆ. "ನೀವು ಸ್ವಲ್ಪ ಬೆಟ್ಟದ ಕಡೆ ಹೋಗಿ ಬರ್ರಿ. ನಾವು ಮಾತಾಡಾಕತ್ತೀವಿ," ಎಂದಳು.

ಹೋದೆ. ಹಟಕ್ಕೆ ಬಿದ್ದು, ತಿರುವಿಗೊಮ್ಮೆ ಕೂತು, ತುದಿಯನ್ನೂ ಮುಟ್ಟಿದೆ. ಅಲ್ಲಿ ನನ್ನನ್ನು ಕಂಡು ವಿರುಪಾಕ್ಷಿಗೆ ಆಶ್ಚರ್ಯವೋ ಆಶ್ಚರ್ಯ. "ಕಡೀಗೂ ಮ್ಯಾಲ ಬಂದ್ರಲ್ಲ ಮಾವ. ಏನೇನು ಕಾಣ್ತೈತಿ?"

ಹೊಳೆ, ಬಾಳೆತೋಟ, ಗೋಪುರ ಎಲ್ಲವೂ ಇದ್ದವು. ಕೆಳಗೆ ನನ್ನ ಹೆಂಡತಿ ಆ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಬಜಾರಿನ ಕಡೆ ಹೊರಟಿದ್ದಳು.

"ನನ್ನ ಕೆಲ್ಸ ಹೋಗಾದು ಕಾಣ್ತೈತಿ," ಎಂದವನೇ, ಉಸಿರು ತಹಬಂದಿಗೆ ಬರುವ ಮೊದಲೇ ಇಳಿಯತೊಡಗಿದೆ.