ಮೋಸ್ಟ್ ಇಮ್ಮೀಡಿಯೇಟ್ ಕುರ್ಚಿಗಳು

ಇಂಗ್ಲಿಷ್ ಕಲಿತದ್ದರಿಂದ ನನಗೆ ಎರಡು ಹೊತ್ತಿನ ಊಟಕ್ಕೆ ದಾರಿಯಾಯಿತು, ಸುಳ್ಳು ಹೇಳಬಾರದು. ಆದರೆ ಆ ಭಾಷೆಯ ಕೆಲವು ವಿಶೇಷಣಗಳ ಮೇಲೆ ನನಗಿರುವ ಸಿಟ್ಟು ಈ ಜನ್ಮದಲ್ಲಿ ಇಳಿಯುವಂಥದಲ್ಲ. ಅರ್ಜೆಂಟ್, ಇಮ್ಮೀಡಿಯೇಟ್, ಪ್ರೆಸ್ಸಿಂಗ್ ಎಂದು ಅವಸರವನ್ನು ಸಾರುವ ಶಬ್ದಗಳಿವೆಯಲ್ಲ, ಅವುಗಳ ಕುಲವೇ ನನಗೆ ಕಂಡರಾಗದು. ನಿಜವಾದ ಅವಸರದಲ್ಲಿ ಇರುವವರಿಗೆ ಇಂಥ ಶಬ್ದ ಹುಡುಕುತ್ತ ಕೂಡಲು ಪುರುಸೊತ್ತೆಲ್ಲಿ? ಇವೆಲ್ಲ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಬೇರೆಯವರನ್ನು ಓಡಿಸುವವರು ಹುಟ್ಟಿಸಿದ ಮಾತುಗಳು ಎಂದೇ ನನ್ನ ನಂಬಿಕೆ.

ಆಗ ನಿಜಾಮರ ಆಳ್ವಿಕೆ. ಚಿತ್ತಾಪುರದ ಒಂದು ಕಚೇರಿಯಲ್ಲಿ ನಾನು ಇಂಗ್ಲಿಷ್ ಗುಮಾಸ್ತನಾಗಿದ್ದೆ. ಕಚೇರಿಯ ಕಾರಭಾರವೆಲ್ಲ ಉರ್ದುವಿನಲ್ಲಿ. ಅದನ್ನು ನನ್ನ ಪಕ್ಕದ ಮೇಜಿನ ಖಾದರ್ ಮಿಯಾ ನೋಡಿಕೊಳ್ಳುತ್ತಿದ್ದರು. ಆದರೆ ನಮ್ಮ ಸಾಹೇಬರಿಗೆ ಇಂಗ್ಲಿಷಿನ ಹುಚ್ಚು. ಅವರು ತಾವಿದ್ದ ಕೋಣೆಯಿಂದ ಹತ್ತು ಹೆಜ್ಜೆ ದೂರದ ನನಗೂ ಇಂಗ್ಲಿಷಿನಲ್ಲೇ ಕಾಗದ ಬರೆಯುವರು. ಮೊದಮೊದಲು ಕಾಗದದ ನೆತ್ತಿಯ ಮೇಲೆ 'ಅರ್ಜೆಂಟ್' ಎಂದಷ್ಟೇ ಇರುತ್ತಿತ್ತು, ನಾವು ಎದ್ದುಬಿದ್ದು ಉತ್ತರ ಕೊಡುತ್ತಿದ್ದೆವು. ಬರಬರುತ್ತ ಎಲ್ಲ ಕಾಗದಗಳೂ ಅರ್ಜೆಂಟ್ ಆಗಿ, ನಾವು ಅವನ್ನು ಎಂದಿನ ಕೆಲಸದ ಹಾಗೆ ನೋಡತೊಡಗಿದೆವು. ಆಗ 'ವೆರಿ ಅರ್ಜೆಂಟ್' ಬಂತು. ಅದಕ್ಕೂ ನಮ್ಮ ಚರ್ಮ ದಪ್ಪವಾದ ಮೇಲೆ 'ಇಮ್ಮೀಡಿಯೇಟ್', ಅದರ ತಲೆಯ ಮೇಲೆ 'ಮೋಸ್ಟ್ ಇಮ್ಮೀಡಿಯೇಟ್'. ಒಮ್ಮೆ 'ಪ್ರೆಸ್ಸಿಂಗ್' ಎಂದು ಬಂದಾಗ ಖಾದರ್ ಮಿಯಾ ಅರ್ಥ ಕೇಳಿದರು. ಒತ್ತುವುದು ಎಂದರ್ಥ ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹಂಗಾರ ಸಾಹೇಬರ ಕಾಲು ಒತ್ತೋ ಕೆಲಸ ಅನ್ರಿ ರಾಯರ. ಮೊದಲಿಂದ ಮಾಡಾಕತ್ತೀರಲ್ಲ" ಅಂದರು. ಅಂದಿನಿಂದ ಒಂದು ವಾರ ನಾನು ಅವರ ಎಲೆ ಅಡಿಕೆ ಮುಟ್ಟಲಿಲ್ಲ.

ಕಾಲು ಒತ್ತುವುದರಲ್ಲಿ ನಾನೂ ಕಡಿಮೆಯವನಲ್ಲ. ಕಾಗದಗಳನ್ನು ವಿಶೇಷಣದ ಯೋಗ್ಯತೆಯಂತೆ ಕೂಡಿಸುವ ಪದ್ಧತಿ ಹಾಕಿದವನು ನಾನೇ. ಮೋಸ್ಟ್ ಇಮ್ಮೀಡಿಯೇಟ್‌ಗಳು ಮೇಜಿನ ಮೇಲೆ, ಅರ್ಜೆಂಟ್‌ಗಳು ಕಪಾಟಿನಲ್ಲಿ, ಯಾವ ವಿಶೇಷಣವೂ ಇಲ್ಲದ ಬಡಪಾಯಿಗಳು ನೆಲದ ಮೇಲೆ. ಊರ ಬಾವಿಯ ಗೋಡೆ ಕುಸಿದಿದೆ ಎಂದು ಯಾವುದೋ ಹಳ್ಳಿಯವರು ಬರೆದ ಅರ್ಜಿ ನೆಲದ ಮೇಲೆಯೇ ಒಂದು ಮಳೆಗಾಲ ಕಳೆಯಿತು. ಪಾಪ, ಅವರಿಗೆ ವಿಶೇಷಣ ಹಾಕುವುದು ಗೊತ್ತಿರಲಿಲ್ಲ.

ಅದೇ ಮಳೆಗಾಲದ ಶ್ರಾವಣದಲ್ಲಿ ಚಿಮ್ಮನಚೋಡದಿಂದ ನನ್ನ ಅಕ್ಕನ ಕಾರ್ಡು ಬಂತು. ತಾಯಿ ಇಲ್ಲದ ನನ್ನನ್ನು ಸಾಕಿದವಳು ಅವಳು. ಗಂಡ ತೀರಿದ ಮೇಲೆ ಗುಡಿಯ ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದಳು. ಕಾರ್ಡಿನಲ್ಲಿ ನಾಲ್ಕೇ ಸಾಲು: "ಇಲ್ಲಿ ಎಲ್ಲಾ ಕ್ಷೇಮ. ಕಣ್ಣು ಇರೂದ್ರಾಗ ಒಮ್ಮೆ ನಿನ್ನ ಮಾರಿ ನೋಡಬೇಕು ಅನಸ್ತದ. ಕಚೇರಿ ಕೆಲಸ ಬಿಟ್ಟು ಬರಬ್ಯಾಡ. ಅವಸರ ಏನಿಲ್ಲ." ಅಕ್ಷರಗಳು ದೊಡ್ಡದಾಗಿದ್ದವು, ಒಂದು ಸಾಲು ಇನ್ನೊಂದರ ಮೈಮೇಲೆ ಬಿದ್ದಿತ್ತು. ನನಗೆ ಅಕ್ಷರ ಕಲಿಸಿದವಳ ಅಕ್ಷರ ಹೀಗೆ ಕೆಟ್ಟಿತಲ್ಲ ಎಂದು ನಾನು ನಕ್ಕೆ. ಇನ್ನು ಆ ಕಣ್ಣಿನ ಮಾತು. ನಮ್ಮ ಮನೆತನದ ಹಿರಿಯರು ಐವತ್ತು ದಾಟಿದ ಮರುದಿನದಿಂದಲೇ ಕಣ್ಣು ಮುಚ್ಚುವುದರೊಳಗೆ ಅದು ನೋಡಬೇಕು, ಇದು ನೋಡಬೇಕು ಅನ್ನುತ್ತಾರೆ. ಹಾಗೆ ಅಂದ ಮೇಲೂ ಇಪ್ಪತ್ತು ವರ್ಷ ಗಟ್ಟಿಮುಟ್ಟಾಗಿರುತ್ತಾರೆ. ಇದೂ ಅಂಥದೇ ಎಂದುಕೊಂಡೆ. ನನ್ನ ಹೆಂಡತಿ ಮಾತ್ರ, ಅವರು ಎಂದೂ ಹೀಗೆ ಕರೆದವರಲ್ಲ, ಹೋಗಿ ಬನ್ನಿ ಎಂದು ಬೆನ್ನುಹತ್ತಿದಳು.

ಅವಳ ಕಾಟಕ್ಕೆ ರಜೆ ಕೇಳಲು ಹೋದೆ. ಸಾಹೇಬರು ಮೋಸ್ಟ್ ಇಮ್ಮೀಡಿಯೇಟ್ ಕಾಗದವೊಂದನ್ನು ಬರೆಯುತ್ತಿದ್ದರು. ಸೇಡಂ ಮುಸಾಫಿರ್ ಬಂಗಲೆಯಲ್ಲಿ ಕೈ ಮುರಿದ ಕುರ್ಚಿಗಳೆಷ್ಟು, ಯಾವುದರ ಎಡಗೈ, ಯಾವುದರ ಬಲಗೈ ಎಂಬ ವಿಚಾರ. ತಲೆಯೆತ್ತದೆ, ರಜೆ ಅರ್ಜೆಂಟೋ ಎಂದು ಕೇಳಿದರು. ಕಾರ್ಡಿನಲ್ಲಿ ವಿಶೇಷಣವಿರಲಿಲ್ಲ, ಅವಸರ ಏನಿಲ್ಲ ಎಂದು ಅಕ್ಕನೇ ಬರೆದಿದ್ದಳು. "ನಾಟ್ ಅರ್ಜೆಂಟ್, ಸರ್" ಅಂದೆ. ಇಂಥ ಖಚಿತ ಇಂಗ್ಲಿಷ್ ಆಡಿದೆನೆಂದು ಒಳಗೊಳಗೇ ಹಿಗ್ಗಿದೆ ಕೂಡ. ಕುರ್ಚಿಗಳ ಲೆಕ್ಕ ಮುಗಿಯಲಿ ಎಂದರು. ಆ ಕುರ್ಚಿಗಳ ಬಗ್ಗೆ ಹೋದ ಕಾಗದ, ಬಂದ ಕಾಗದ, ಬಡಗಿಯ ವರದಿ ಎಲ್ಲ ಮುಗಿದು ನಾನು ಸೇಡಂವರೆಗೆ ರೈಲಿನಲ್ಲೂ ಅಲ್ಲಿಂದ ಎತ್ತಿನ ಗಾಡಿಯಲ್ಲೂ ಹೊರಟಾಗ ಕಾರ್ತಿಕ ಬಂದಿತ್ತು.

ಅಕ್ಕ ಪಡಸಾಲೆಯಲ್ಲಿ ಕುಳಿತು ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ನಾನು ನಗುತ್ತ ಹೋಗಿ ಅವಳ ಎದುರೇ ನಿಂತೆ. ಅವಳು ನನ್ನತ್ತ ಮುಖ ಎತ್ತಿದಳು.

"ಯಾರ್ರಿ? ಬರ್ರಿ, ಕುಂದ್ರಿ" ಅಂದಳು.

ಹುಟ್ಟಿದಾಗಿನಿಂದ ಅವಳು ನನ್ನನ್ನು 'ರಿ' ಹಚ್ಚಿ ಕರೆದವಳಲ್ಲ. ಕಾರ್ಡಿನ ಕಣ್ಣು ಬರೀ ಕಣ್ಣೇ ಆಗಿತ್ತೆಂದು ನನ್ನ ಇಂಗ್ಲಿಷ್ ತಲೆಗೆ ಆಗ ಹೊಳೆಯಿತು. ಕಣ್ಣಿನ ಬೆಳಕು ಪೂರ್ತಿ ಹೋಗಿ ಒಂದು ತಿಂಗಳಾಗಿತ್ತಂತೆ. ನಾನು ಹೆಸರು ಹೇಳಿದೆ. ಅವಳು ನನ್ನನ್ನು ಹತ್ತಿರ ಎಳೆದು, ಹತ್ತಿಯ ನಾರು ಅಂಟಿದ ಬೆರಳುಗಳಿಂದ ಹಣೆ, ಮೂಗು, ಗದ್ದ ಎಲ್ಲ ಸವರಿ ನೋಡಿದಳು.

"ಅವಸರ ಮಾಡ್ಕೊಂಡು ಯಾಕ ಬಂದ್ಯೋ? ಕಚೇರ್ಯಾಗ ಏನರ ಕೆಲಸ ಇತ್ತೋ ಏನೋ."

ಏನೂ ಇರಲಿಲ್ಲ, ಕಾರ್ಡು ಮೊನ್ನೆಯಷ್ಟೇ ಮುಟ್ಟಿತು, ಕೇಳಿದ ಕೂಡಲೇ ಸಾಹೇಬರು ರಜೆ ಕೊಟ್ಟರು ಅಂದೆ. ಅವಳಿಗೆ ಭಾಳ ಸಂತೋಷವಾಯಿತು. ಸಂಜೆ ಮಾತಾಡಿಸಲು ಬಂದ ಗುಡಿಯ ಆಚಾರ್ಯರ ಮುಂದೆ, "ಕಾರ್ಡು ಮುಟ್ಟಿದ ಕೂಡ್ಲೆ ಎಲ್ಲಾ ಬಿಟ್ಟು ಓಡಿ ಬಂದಾನ್ರಿ ನನ್ನ ತಮ್ಮ" ಎಂದು ಹೇಳಿಕೊಂಡಳು. ಶ್ರಾವಣದಲ್ಲಿ ಆ ಕಾರ್ಡನ್ನು ಅಂಚೆಗೆ ಹಾಕಿ ಬಂದವರು ಆ ಆಚಾರ್ಯರೇ. ಅವರು ನನ್ನ ಮುಖ ನೋಡಿದರು. ನಾನು ಬಹಳ ಹಸಿದವನ ಹಾಗೆ ತಲೆ ತಗ್ಗಿಸಿ ಅವಲಕ್ಕಿ ತಿನ್ನತೊಡಗಿದೆ.