ನಲವತ್ತೊಂದು ಬಿಸಿಲಿನ ದಿನಗಳಿಗೆ ಮೋಡ ಮಂಜೂರು ಮಾಡುವ ಕುರಿತು

ಸುತ್ತೋಲೆ ಸಂಖ್ಯೆ: ಅಅ/ಮೋಡ/೪೧/ತಿದ್ದುಪಡಿಯ ತಿದ್ದುಪಡಿ-೩

ವಿಷಯ: ಇಂಗಾಲದ ಡೈಆಕ್ಸೈಡಿನ ಉಪಗ್ರಹ ಅಳತೆಗೂ ಗಣಕ ಮಾದರಿಯ ಮುನ್ನಂದಾಜಿಗೂ ಇರುವ ವ್ಯತ್ಯಾಸವನ್ನು ಸಿಬ್ಬಂದಿಯು ಚರ್ಚಿಸತಕ್ಕ ಹಾಗೂ ಚರ್ಚಿಸತಕ್ಕದ್ದಲ್ಲದ ಬಗೆ.

ಉಲ್ಲೇಖ: (ಅ) ಇದೇ ಕಚೇರಿಯ ಹಿಂದಿನ ಸುತ್ತೋಲೆ, ಓದಿದವರಿಲ್ಲ. (ಆ) ಮೇಲಿನವರ ಮೌಖಿಕ ಸೂಚನೆ, ಹೇಳಿದವರಿಲ್ಲ.

ಪ್ರಸ್ತಾವನೆ:

ಕಳೆದ ತಿಂಗಳ ಹನ್ನೊಂದರಂದು, ಊರಾಚೆಯ ಕಬ್ಬಿಣದ ಕುಲುಮೆಗಳ ಮೇಲೆ ಉಪಗ್ರಹವು ತೆಗೆದ ನಲವತ್ತೊಂದು ದಿನಗಳ ಅಳತೆಗಳನ್ನು ಈ ವಿಭಾಗದ ದಾಖಲೆಯಿಂದ ಹೊಡೆದುಹಾಕಲಾಗಿದೆ. ಅವು ಮುನ್ನಂದಾಜಿಗಿಂತ ಹೆಚ್ಚಾಗಿದ್ದವು.

ಉಪಗ್ರಹವು ನೆಲದಿಂದ ಪುಟಿದೇಳುವ ಬಿಸಿಲನ್ನು ನೋಡಿ ಅನಿಲವನ್ನು ಅಳೆಯುತ್ತದೆ. ನಡುವೆ ಮೋಡ ಬಂದರೆ ಅಳತೆ ಕೆಡುತ್ತದೆ. ಅಂಥ ದಿನದ ಚೀಟಿಗೆ ‘ಮೋಡ’ ಎಂದು ಮೊಹರು ಒತ್ತಿ ಅಳತೆಯನ್ನು ಕೈಬಿಡುವುದು ಈ ಕಚೇರಿಯ ಹಳೆಯ ಪದ್ಧತಿ. ಮೊಹರು ಒತ್ತಿ ಸಹಿ ಹಾಕುವ ಅಧಿಕಾರ ಇಪ್ಪತ್ತೆರಡು ವರ್ಷಗಳಿಂದ ಮೋಡ ಪರೀಕ್ಷಕಿಯವರೊಬ್ಬರದೇ ಆಗಿದೆ. ಅಳತೆಗಳನ್ನು ಮೊದಲು ಹೊಡೆದುಹಾಕಿ, ಮೋಡವನ್ನು ಆಮೇಲೆ ತರಿಸಿಕೊಳ್ಳುವ ಸಂದರ್ಭ ಇದೇ ಮೊದಲ ಸಲ ಬಂದಿರುವುದರಿಂದ ಈ ಕೆಳಗಿನಂತೆ ಅಪ್ಪಣೆ ಹೊರಡಿಸಲಾಗಿದೆ.

೧. ಇನ್ನು ಮುಂದೆ ‘ಮೋಡ’ ಎಂದರೆ ನಿರ್ದೇಶಕರು ಮೋಡವೆಂದು ಭಾವಿಸಿದ್ದು. ಆಕಾಶದಲ್ಲಿ ಕಾಣುವ ಮೋಡವನ್ನು ಪೂರಕ ದಾಖಲೆಯಾಗಿ ಮಾತ್ರ ಪರಿಗಣಿಸಲಾಗುವುದು.

೨. ಉಪಗ್ರಹವು ಹಾದುಹೋಗುವ ಮಧ್ಯಾಹ್ನ ಒಂದೂವರೆ ಗಂಟೆಗೆ ಎಲ್ಲ ಕಿಟಕಿಗಳ ಪರದೆ ಎಳೆಯತಕ್ಕದ್ದು. ಕಣ್ತಪ್ಪಿ ಹೊರಗೆ ನೋಡಿದ ನೌಕರರು ತಾವು ಏನನ್ನು ನೋಡಲಿಲ್ಲ ಎಂಬುದನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಲಿಖಿತವಾಗಿ ತಿಳಿಸತಕ್ಕದ್ದು.

೩. ಸದರಿ ನಲವತ್ತೊಂದು ದಿನವೂ ಕ್ಯಾಂಟೀನಿನ ಅಡುಗೆಯವರು ತಾರಸಿಯ ಮೇಲೆ ಒಗೆದ ಬಟ್ಟೆ ಹರವಿದ್ದು, ಅದು ಒಂದೇ ತಾಸಿನಲ್ಲಿ ಗರಿಗರಿಯಾಗಿ ಒಣಗಿರುವುದು ಗಮನಕ್ಕೆ ಬಂದಿದೆ. ಸದರಿ ಬಟ್ಟೆಯನ್ನು ಮತ್ತೆ ನೆನೆಸಿ ಹಾಜರುಪಡಿಸುವಂತೆ ಸೂಚಿಸಲಾಗಿದೆ. ವಿವರಣೆ ಕೇಳಿದಾಗ ಅಡುಗೆಯವರು, “ಸ್ವಾಮೀ, ನಂಗೆ ಮೋಡ ಬೇಕು ಅಂದ್ರೆ ಬರಲ್ಲ, ನಿಮಗೆ ಬೇಕು ಅಂದ್ರೆ ಬರತ್ತೆ. ನೀವೇ ಒಣಗಿಸ್ಕೊಳ್ಳಿ” ಎಂದು ಒದ್ದೆ ಚೌಕವನ್ನು ಕಡತದ ಮೇಲೆ ಇಟ್ಟುಹೋಗಿದ್ದಾರೆ. ಕಡತದ ಆರನೇ ಪುಟ ಓದಲು ಬರುವುದಿಲ್ಲ. ಅದನ್ನು ಮೋಡಕ್ಕೆ ಸಾಕ್ಷ್ಯವೆಂದು ಸ್ವೀಕರಿಸಲಾಗಿದೆ.

೪. ಮೇಲ್ಮಹಡಿಯ ಉಪಗ್ರಹ ಕೊಠಡಿಗೂ ನೆಲಮಹಡಿಯ ಮಾದರಿ ಕೊಠಡಿಗೂ ಹನ್ನೆರಡು ವರ್ಷಗಳಿಂದ ಎಣ್ಣೆ ಸೀಗೇಕಾಯಿ ಎಂಬುದು ಎಲ್ಲರಿಗೂ ತಿಳಿದ ವಿಷಯ. ಮಾದರಿಯನ್ನು ಕಟ್ಟಿದ ಗಣಿತದವನು ಮೋಡ ಪರೀಕ್ಷಕಿಯವರ ತಂಗಿಯ ಗಂಡನೂ ಆಗಿರುವುದರಿಂದ ಜಗಳಕ್ಕೆ ಭಾನುವಾರದ ರಜೆಯೂ ಇರಲಿಲ್ಲ. “ನಿನ್ನ ಮಾದರಿಗೆ ಕಣ್ಣಿಲ್ಲವೋ” ಎಂದು ಅವರು ಮೆಟ್ಟಿಲ ಮೇಲಿಂದ ಕೂಗುವುದು, “ನಿಮ್ಮ ಉಪಗ್ರಹಕ್ಕೆ ಕಣ್ಣು ಮಾತ್ರ ಇರೋದು ಅಕ್ಕಾ, ನಾಳೆ ಅನ್ನೋದು ಗೊತ್ತಿಲ್ಲ” ಎಂದು ಇವನು ಕೆಳಗಿಂದ ಕೂಗುವುದು ವಾಡಿಕೆ. ಇದರಿಂದ ಕಚೇರಿಗೆ ಯಾವ ತೊಂದರೆಯೂ ಆಗಿಲ್ಲ. ಈ ಚರ್ಚೆಯನ್ನು ಎರಡು ಮಹಡಿಗಳ ನಡುವಿನ ಒಂಬತ್ತನೇ ಮೆಟ್ಟಿಲಿನಲ್ಲಿ, ದಿನಕ್ಕೆ ಹದಿನೈದು ನಿಮಿಷ ಮೀರದಂತೆ ಮುಂದುವರಿಸಲು ಅನುಮತಿಸಿದೆ. ಉಪಗ್ರಹದವರು ಬೆರಳನ್ನು ಮೇಲಕ್ಕೆ ತೋರಿಸಬಾರದು. ಮಾದರಿಯವರು “ನೋಡ್ತಾ ಇರಿ” ಎನ್ನಬಾರದು.

೫. ಆದರೆ ಇದೇ ತಿಂಗಳ ನಾಲ್ಕರಂದು ಅತ್ಯಂತ ಗಂಭೀರವಾದ ಘಟನೆಯೊಂದು ನಡೆದಿದೆ. ಗಣಿತದವನು ಮೆಟ್ಟಿಲು ಹತ್ತಿಬಂದು ಮೋಡ ಪರೀಕ್ಷಕಿಯವರ ಮಾತನ್ನು ಒಪ್ಪಿಕೊಂಡಿದ್ದಾನೆ.

ಅವನು ಆಡಿದ್ದು: “ಅಕ್ಕಾ, ನೀವೇ ಸರಿ. ದಶಲಕ್ಷಕ್ಕೆ ಮೂರು ಭಾಗ ಜಾಸ್ತಿ ಇದೆ. ನನ್ನ ಮಾದರಿಗೆ ಕುಲುಮೆಯವರು ಬರೆದುಕೊಟ್ಟ ಕಲ್ಲಿದ್ದಲ ಪ್ರಮಾಣಾನೇ ಉಣ್ಣಿಸಿದ್ದೆ. ಉಂಡದ್ದನ್ನೇ ಅದು ಕಕ್ಕಿದೆ. ಅವರು ಸುಡ್ತಿರೋದು ಎರಡರಷ್ಟು.”

ಅವರು ಆಡಿದ್ದು: “ಇಷ್ಟು ವರ್ಷ ಬೇಕಾಯ್ತೇನೋ ನಿಂಗೆ?”

ಅವನು: “ಅಳತೆ ಇರೋದೇ ನನ್ನನ್ನ ತಿದ್ದೋಕಲ್ವಾ. ಅದನ್ನೇ ಒರೆಸಿಬಿಟ್ರೆ ನಾನು ಯಾರ ಹತ್ರ ಜಗಳ ಆಡ್ಲಿ?”

ಎರಡು ಕೊಠಡಿಗಳ ನಡುವೆ ಒಮ್ಮತ ಮೂಡುವ ಸಂಭವವಿದ್ದಲ್ಲಿ ಹದಿನಾಲ್ಕು ದಿನ ಮುಂಚಿತವಾಗಿ, ಮೂರು ಪ್ರತಿಗಳಲ್ಲಿ, ಪೂರ್ವಾನುಮತಿ ಪಡೆಯತಕ್ಕದ್ದು. ಒಮ್ಮತದ ಸಮಯದಲ್ಲಿ ಜಗಳ ಮೇಲ್ವಿಚಾರಕರು ಹಾಜರಿರತಕ್ಕದ್ದು. ಆ ಹುದ್ದೆಗೆ ಅರ್ಜಿ ಕರೆಯಲಾಗಿದೆ.

೬. ಇಂಗಾಲದ ಡೈಆಕ್ಸೈಡ್ ಅನಿಲವು ಮುನ್ನಂದಾಜನ್ನು ಮೀರಿ ವರ್ತಿಸಿರುವುದು ಶಿಸ್ತಿನ ಉಲ್ಲಂಘನೆಯಾಗಿದೆ. ಸದರಿ ಅನಿಲಕ್ಕೆ ನೋಟಿಸನ್ನು ಜಾರಿ ಮಾಡಲು ಕಚೇರಿಯ ಜವಾನನನ್ನು ಕುಲುಮೆಯ ಚಿಮಣಿಯ ಬಳಿಗೆ ಕಳಿಸಲಾಗಿತ್ತು. ಸ್ವೀಕರಿಸುವವರು ಇಲ್ಲದ್ದರಿಂದ ನೋಟಿಸನ್ನು ಗಾಳಿಗೆ ಹಿಡಿದು ‘ತಲುಪಿದೆ’ ಎಂದು ನಮೂದಿಸಲಾಗಿದೆ.

೭. ಮೊದಲೆರಡು ಕುಲುಮೆಗಳ ಅನಿಲವು ಮುನ್ನಂದಾಜಿನೊಳಗೆ ಇದ್ದರೆ ಮಾತ್ರ ಮೂರನೆಯದಕ್ಕೆ ಪರವಾನಗಿ ಎಂಬುದು ನಿಯಮ. ಮೂರನೆಯದು ಏಳಬೇಕಾದ ಜಾಗದಲ್ಲಿ ಹದಿನೇಳು ಮನೆಗಳ ಒಂದು ಓಣಿಯಿದ್ದು, ಸೋಮವಾರ ಬೆಳಿಗ್ಗೆ ಸಾರ್ವಜನಿಕ ವಿಚಾರಣೆ ನಿಗದಿಯಾಗಿದೆ. ಓಣಿಯ ಕೊನೆಯ ಮನೆಯ ಹೊಲಿಗೆಯಾಕೆ ಕಚೇರಿಗೆ ಫೋನ್ ಮಾಡಿ, “ಮೋಡ ಅಂತ ಬರ್ಕೊಂಡಿದೀರಂತೆ? ನಮ್ಮನೆ ಗೋಡೆ ಮುಟ್ಟಿದ್ರೆ ಅಂಗೈ ಸುಡ್ತಿತ್ತಲ್ಲಮ್ಮ! ಸೋಮವಾರ ಆ ನಂಬರು ಇಲ್ದೆ ಹೋದ್ರೆ ಮಂಗಳವಾರ ಮನೆ ಕೆಡವೋ ಯಂತ್ರ ಬರತ್ತೆ” ಎಂದು ಮೋಡ ಪರೀಕ್ಷಕಿಯವರಲ್ಲಿ ವಿಚಾರಿಸಿದ್ದಾರೆ. ಹವಾಮಾನವು ಇಲಾಖೆಯ ಆಂತರಿಕ ವಿಷಯವಾಗಿದ್ದು, ಸಾರ್ವಜನಿಕರು ಅದರಲ್ಲಿ ಬೆವರತಕ್ಕದ್ದಲ್ಲ ಎಂದು ತಿಳಿಯಪಡಿಸಲಾಗಿದೆ.

ಸದರಿ ಕರೆಯ ನಂತರ ಮೋಡ ಪರೀಕ್ಷಕಿಯವರು ಊಟದ ಡಬ್ಬಿ ತೆರೆಯದೆ ನಲವತ್ತೊಂದು ಚಿತ್ರಗಳನ್ನೂ ಮತ್ತೊಮ್ಮೆ, ಒಂದೊಂದಾಗಿ, ಭೂತಗನ್ನಡಿ ಹಿಡಿದು ನೋಡಿರುವುದು ವರದಿಯಾಗಿದೆ. ಒಂದರಲ್ಲಾದರೂ ಮೋಡದ ಚೂರು ಸಿಕ್ಕಿದ್ದರೆ ಅವರಿಗೇ ನೆಮ್ಮದಿಯಾಗುತ್ತಿತ್ತು. ಸೇವೆ ಇನ್ನು ಮೂರೇ ವರ್ಷ ಉಳಿದಿದೆ. ಸಿಕ್ಕಿಲ್ಲ.

೮. ಆದಕಾರಣ ಅವರು ಶನಿವಾರ ಸಂಜೆ ಐದರೊಳಗೆ ನಲವತ್ತೊಂದು ಚೀಟಿಗಳಿಗೂ ಮೊಹರು ಒತ್ತಿ ಸಹಿ ಹಾಕತಕ್ಕದ್ದು. ಅಭಿಪ್ರಾಯ ಸ್ವಾತಂತ್ರ್ಯವನ್ನು ಗೌರವಿಸಿ ಮೂರು ಆಯ್ಕೆಗಳನ್ನು ಒದಗಿಸಲಾಗಿದೆ: (ಕ) ತೆಳು ಮೋಡ, (ಖ) ದಟ್ಟ ಮೋಡ, (ಗ) ಪರೀಕ್ಷಕಿಯ ಅಜಾಗರೂಕತೆಯಿಂದ ಕಾಣದೇ ಹೋದ ಮೋಡ. ಸಹಿ ಹಾಕದಿದ್ದಲ್ಲಿ ಅವರನ್ನು ನೆಲಮಾಳಿಗೆಯ ಉಗ್ರಾಣಕ್ಕೆ, ಗಾಳಿ ತೋರಿಸುವ ತುಕ್ಕು ಹಿಡಿದ ತಗಡಿನ ಕೋಳಿಗಳು ಯಾವ ದಿಕ್ಕಿಗೆ ತಿರುಗುತ್ತಿವೆ ಎಂದು ದಿನವೂ ಬರೆದಿಡುವ ಕೆಲಸಕ್ಕೆ ವರ್ಗಾಯಿಸಲಾಗುವುದು. ಅಲ್ಲಿ ಗಾಳಿಯಿಲ್ಲ.

೯. ಈ ಸುತ್ತೋಲೆಯಲ್ಲಿ ಬಿಸಿಲು ಎಂಬ ಪದ ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಅದನ್ನು ಬಾರದಂತೆ ಓದಿಕೊಳ್ಳತಕ್ಕದ್ದು.

ಸಹಿ/-
ರಜೆಯಲ್ಲಿರುವ ನಿರ್ದೇಶಕರ ಪರವಾಗಿ,
ರಜೆಗೆ ಹೊರಟಿರುವ ಉಪನಿರ್ದೇಶಕರ ಅಪ್ಪಣೆಯ ಮೇರೆಗೆ,
ರಜೆ ಸಿಗದ ಅಧೀಕ್ಷಕರು

ಪ್ರತಿಗಳು:
ಮಾದರಿ ಕೊಠಡಿಗೆ, ಒಪ್ಪದಿರುವ ಸಲುವಾಗಿ.
ಕುಲುಮೆಯ ಮಾಲೀಕರಿಗೆ, ಅವರೇ ಕಳಿಸಿದ ಕರಡಿನೊಂದಿಗೆ ತಾಳೆ ನೋಡಲು.
ಕ್ಯಾಂಟೀನಿಗೆ, ಒಣಗಿದ ಮೇಲೆ.
ಉಪಗ್ರಹಕ್ಕೆ, ಅದು ಮತ್ತೆ ಹಾದುಹೋಗುವಾಗ.
ಮೋಡ ಪರೀಕ್ಷಕಿಯವರಿಗೆ, ಚೀಟಿಗಳ ಸಹಿತ, ಜವಾನನ ಮೂಲಕ ಖುದ್ದಾಗಿ.

ಜಾರಿ ವರದಿ (ಜವಾನನು ತುಂಬತಕ್ಕದ್ದು):

ಶನಿವಾರ ನಾಲ್ಕೂವರೆಗೆ ಸುತ್ತೋಲೆ ಮತ್ತು ಚೀಟಿಗಳನ್ನು ಕೊಡಲಾಯಿತು. ಮೇಡಂ ಕನ್ನಡಕ ಒರೆಸಿಕೊಂಡು ಪೂರ್ತಿ ಓದಿದರು. ಮೊಹರನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದರು. ಚೀಟಿಗಳ ಮೇಲೆ, ತಮ್ಮ ಟಿಪ್ಪಣಿ ಪುಸ್ತಕ ನೋಡಿ, ಆಯಾ ದಿನದ ಅಳತೆಯನ್ನು ಮಸಿಯಲ್ಲಿ ಬರೆದು, ನಲವತ್ತೊಂದಕ್ಕೂ ಸಹಿ ಹಾಕಿದರು. “ಏನಂತ ಬರೀಲಿ ಮೇಡಂ?” ಎಂದು ಕೇಳಿದೆ. “ಮೋಡ ಅಂತ ಒತ್ತಲ್ಲ ಅಂದ್ಲು ಅಂತ ಬರಿ. ಕಾರಣದ ಜಾಗ ಖಾಲಿ ಬಿಡ್ಬೇಡ, ಗೆರೆ ಎಳಿ. ಇಲ್ದಿದ್ರೆ ಅದನ್ನೂ ಅವರೇ ತುಂಬ್ಕೋತಾರೆ” ಎಂದರು. ಗೆರೆ ಎಳೆದಿದ್ದೇನೆ.

ಚೀಟಿಗಳನ್ನು ಚೀಲಕ್ಕೆ ಹಾಕಿಕೊಂಡು ಅವರು ಓಣಿಯ ಕಡೆಯ ಬಸ್ಸಿಗೆ ಹೊರಟರು. ಗಣಿತದವರು ಕೊಡೆ ಬಿಡಿಸಿ ಜೊತೆಗೆ ಹೋದರು, ಬಿಸಿಲಿತ್ತು.

ಐದಕ್ಕೆ ಐದು ನಿಮಿಷ ಇರುವಾಗ ಅಧೀಕ್ಷಕರು ಫೋನ್ ಮಾಡಿ, ಗೇಟಿಗೆ ಓಡಿಹೋಗಿ ಚೀಲ ಕಿತ್ತುಕೊಂಡು ಬಾ ಎಂದು ಆಜ್ಞೆ ಮಾಡಿದರು. ಬಸ್ಸು ಇನ್ನೂ ಬಂದಿರಲಿಲ್ಲ. ಇಬ್ಬರೂ ಗೇಟಿನ ಆಚೆಯೇ ನಿಂತಿದ್ದರು, ನನಗೆ ಕಾಣುತ್ತಿದ್ದರು.

ಹೋಗುವುದಿಲ್ಲ ಎಂದು ಹೇಳಿ ಫೋನ್ ಇಟ್ಟಿದ್ದೇನೆ.